ಸರಸಂಬಾದ ಮಲ್ಲಣ್ಣ

ಒಂಬತ್ತು ವರ್ಷ ನಾನು ನನ್ನ ರಕ್ತವನ್ನು ರೋಗವಿಲ್ಲದವನ ರಕ್ತವೆಂದು ಬಳಸಿದೆ. ಲ್ಯಾಬಿಗೆ ಹೊಸ ಪರೀಕ್ಷೆಯೊಂದು ಬಂದಾಗ ರೋಗಿಯ ಹನಿಯ ಪಕ್ಕದಲ್ಲಿ ಆರೋಗ್ಯವಂತನ ಹನಿಯೊಂದನ್ನು ಇಟ್ಟು ನೋಡುವುದು ರೂಢಿ. ಎರಡೂ ಒಂದೇ ರೀತಿ ಬದಲಾದರೆ ತಂದ ಔಷಧ ಕೆಟ್ಟಿದೆ ಎಂದರ್ಥ. ಜೇವರ್ಗಿಯಲ್ಲಿ ನನಗೆ ಕೆಲಸ ಕಲಿಸಿದವರು ಅದಕ್ಕಾಗಿ ತಮ್ಮದೇ ತೋಳು ಚುಚ್ಚಿಕೊಳ್ಳುತ್ತಿದ್ದರು. ನಾನೂ ಹಾಗೆಯೇ ಕಲಿತೆ. ಗಾಜಿನ ನಳಿಕೆಯಲ್ಲಿ ರಕ್ತವನ್ನು ಬಾಯಿಯಿಂದ ಎಳೆಯುವುದನ್ನೂ ಅವರಿಂದಲೇ ಕಲಿತೆ. ಆಗ ಎಲ್ಲರೂ ಹಾಗೆಯೇ ಎಳೆಯುತ್ತಿದ್ದರು. ಒಮ್ಮೊಮ್ಮೆ ಉಪ್ಪುಪ್ಪಾದ ರುಚಿ ನಾಲಿಗೆಗೆ ತಾಗುತ್ತಿತ್ತು. ಉಗುಳಿ, ಬಾಯಿ ಮುಕ್ಕಳಿಸಿ, ಮುಂದಿನವರನ್ನು ಕರೆಯುತ್ತಿದ್ದೆವು.

೧೯೯೧ರ ಡಿಸೆಂಬರಿನಲ್ಲಿ ಆಳಂದದ ನಮ್ಮ ದವಾಖಾನೆಗೆ ಹೆಪಟೈಟಿಸ್ ಬಿ ಪತ್ತೆ ಮಾಡುವ ಕಿಟ್ ಮೊದಲ ಸಲ ಬಂತು. ನಮ್ಮ ದವಾಖಾನೆ ಎಂದೆ. ಬೋರ್ಡಿನ ಮೇಲಿದ್ದದ್ದು ಡಾಕ್ಟರ್ ವ್ಯಂಕಟೇಶನ ಹೆಸರು. ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಿಂದ ಕಣ್ಣು ಹಳದಿಯಾದ ಒಬ್ಬ ಮುದುಕ ಬಂದಿದ್ದ. ಅವನ ರಕ್ತದ ಮೇಲೆ ನಿಂತ ತಿಳಿಯ ಒಂದು ಹನಿ ಒಂದು ಗಾಜಿನ ಮೇಲೆ, ನನ್ನದು ಇನ್ನೊಂದರ ಮೇಲೆ ಹಾಕಿ, ಎರಡಕ್ಕೂ ಬಿಳಿ ದ್ರಾವಣ ಬೆರೆಸಿ ಮೆಲ್ಲಗೆ ಅಲುಗಾಡಿಸಿದೆ. ರೋಗವಿದ್ದರೆ ಅದು ಒಡೆಯಬೇಕು. ಮುದುಕನದು ಹಾಲಿನಂತೆ ನುಣ್ಣಗೆ ಉಳಿಯಿತು. ನನ್ನದು ಒಡೆದ ಹಾಲಿನಂತೆ ಕಣಕಣವಾಯಿತು.

ಕಿಟ್ ಕೆಟ್ಟಿದೆ ಎಂದುಕೊಂಡೆ. ಅದರ ಜೊತೆ ಬಂದ, ತಾಳೆ ನೋಡುವ ಸೀಸೆಗಳನ್ನಿಟ್ಟು ನೋಡಿದೆ, ಕೆಟ್ಟಿರಲಿಲ್ಲ. ಮತ್ತೆ ತೋಳು ಚುಚ್ಚಿಕೊಂಡೆ. ಮತ್ತೆ ಒಡೆಯಿತು.

ಅಷ್ಟರಲ್ಲಿ ವ್ಯಂಕಟೇಶ ಒಳಗೆ ಬಂದ.

"ಏನಾತಲೇ ಗುರಣ್ಣ?"

"ಕಿಣ್ಣಿ ಸುಲ್ತಾನದ ಮುತ್ಯಾಂದು ಇಲ್ರಿ."

"ಮತ್ತ ಇದು? ಇದು ಒಡದದಲ್ಲ. ಯಾರದು?"

ಹೊರಗೆ ರಸ್ತೆಯಲ್ಲಿ ಬಸ್ಸಿನ ಕಂಡಕ್ಟರ್ ಸರಸಂಬಾ, ಸರಸಂಬಾ ಎಂದು ಕೂಗುತ್ತಿದ್ದ.

"ಮಲ್ಲಣ್ಣ ಅಂತ್ರಿ. ಸರಸಂಬಾದಾಂವ. ಮುಂಜಾನಿ ಬಂದಿದ್ದ, ಸುಸ್ತಾಗ್ತದಂತ. ನೀವು ಇನ್ನಾ ಬಂದಿದ್ದಿಲ್ಲ."

"ವಯಸ್ಸು?"

"ಮೂವತ್ತೆರಡು."

"ನಮ್ಮ ವಾರಿಗಿಯವನ," ಎಂದ ವ್ಯಂಕಟೇಶ. ಗಾಜನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಪಾಪ."

ನಾನು ರಿಜಿಸ್ಟರಿನಲ್ಲಿ ಮಲ್ಲಣ್ಣ, ಸರಸಂಬಾ ಎಂದು ಬರೆದೆ. ಇಲ್ಲದ ಮನುಷ್ಯನೊಬ್ಬನನ್ನು ಹುಟ್ಟಿಸಲು ಒಂದು ಗೆರೆ ಸಾಕಾಯಿತು.

ಯಾಕೆ ಹಾಗೆ ಮಾಡಿದೆ ಎಂದು ಯಾರಾದರೂ ಕೇಳಿದರೆ ಸುಲಭದ ಉತ್ತರ ಅಂಜಿಕೆ. ಅದು ಖರೆಯಲ್ಲ. ಬೇರೆ ಯಾರ ದವಾಖಾನೆಯಲ್ಲಾಗಿದ್ದರೂ ಅದೇ ಕ್ಷಣ ಹೇಳುತ್ತಿದ್ದೆ.

ಗುಲಬರ್ಗಾದ ಹಾಸ್ಟೆಲಿನಲ್ಲಿ ಎರಡು ವರ್ಷ ವ್ಯಂಕಟೇಶ ಮತ್ತು ನಾನು ಒಂದೇ ಕೋಣೆಯಲ್ಲಿದ್ದೆವು. ಭೌತಶಾಸ್ತ್ರದ ಲೆಕ್ಕಗಳನ್ನು ಅವನಿಗೆ ಬಿಡಿಸಿ ತೋರಿಸುತ್ತಿದ್ದವನು ನಾನು. ಪಿಯುಸಿ ಫಲಿತಾಂಶ ಬಂದಾಗ ಅವನು ಮೆಡಿಕಲ್ ಸೀಟಿನ ಗೆರೆಯ ಆ ಕಡೆ ಇದ್ದ, ನಾನು ಈ ಕಡೆ. ನಾನು ಬಿ.ಎಸ್ಸಿ. ಮಾಡಿದೆ, ನಂತರ ಲ್ಯಾಬ್ ಕೋರ್ಸು, ನಂತರ ಜೇವರ್ಗಿ. ಅವನು ಎಂ.ಡಿ. ಮುಗಿಸಿ ದೊಡ್ಡ ಊರಿನಲ್ಲಿ ಉಳಿದಿದ್ದರೆ ನನಗೆ ಏನೂ ಅನಿಸುತ್ತಿರಲಿಲ್ಲ. ಆದರೆ ಅವನು ಆಳಂದಕ್ಕೇ ಬಂದ. ಬಂದವನು ನನ್ನನ್ನು ಹುಡುಕಿಕೊಂಡು ಜೇವರ್ಗಿಗೆ ಬಂದು, "ನೀ ಇಲ್ಲದ ನನ್ನ ಲ್ಯಾಬ್ ನಡ್ಯಂಗಿಲ್ಲ, ನಡಿ," ಎಂದ. ಅವನ ದೊಡ್ಡತನವನ್ನು ಕ್ಷಮಿಸುವುದು ನನಗೆ ಇವತ್ತಿಗೂ ಆಗಿಲ್ಲ.

ಮೊದಲ ದಿನ ರೋಗಿಗಳ ಎದುರು ಅವನಿಗೆ ರಿ ಹಚ್ಚಿ ಮಾತಾಡಿದೆ. ಅದೇನು ಬೇಡ ಎಂದಾನು ಎಂದು ಕಾದೆ. ಅವನ ಗಮನಕ್ಕೇ ಬರಲಿಲ್ಲ. ಅಂದಿನಿಂದ ನಾನು ರಿ, ಅವನು ಲೇ.

ಅವನೂ ಕಡಿಮೆ ಮಾತಿನವನು, ನಾನೂ. ಆದರೆ ಅವನು ರೋಗಿಯ ನಾಡಿ ಹಿಡಿದು ಸುಮ್ಮನೆ ಕೂತರೆ ಜನ ಉಸಿರು ಬಿಗಿಹಿಡಿದು ಆ ಮೌನವನ್ನು ಕೇಳುತ್ತಿದ್ದರು. ನಾನು ಸುಮ್ಮನೆ ಕೂತರೆ, ದವಾಖಾನೆಯಲ್ಲಿ ಕಸ ಗುಡಿಸುವ, ಸಿರಿಂಜು ಕುದಿಸುವ ಜೈತುನಬಿ, "ಬೇಟಾ, ಹೊಟ್ಟಿ ಸಾಫ್ ಆಗಿಲ್ಲೇನು?" ಎಂದು ಕೇಳುತ್ತಿದ್ದಳು.

ಮನೆಯಲ್ಲೂ ಅವನೇ ಇದ್ದ. ನನ್ನ ಹೆಂಡತಿ ಶಿವಕಾಂತಾ ಮದುವೆಯಾಗಿ ನಾಲ್ಕು ವರ್ಷದ ಮೇಲೆ ಬಸಿರಾಗಿದ್ದಳು. ಅದು ಗೊತ್ತಾದದ್ದು ಆ ಡಿಸೆಂಬರು ಕಳೆದು ಜನವರಿಯಲ್ಲಿ. ಸಜ್ಜಕ ತಿನ್ನು ಎಂದು ನಾನು ಹೇಳಿದರೆ ಬೇಡ ಎನ್ನುತ್ತಿದ್ದಳು. ಮರುದಿನ ಅದನ್ನೇ ತಾನಾಗಿ ಮಾಡಿಕೊಂಡು ತಿನ್ನುತ್ತಿದ್ದಳು.

"ಡಾಕ್ಟರ್ ಹೇಳ್ಯಾರ್ರಿ."

"ನಿನ್ನಿ ನಾ ಹೇಳಿದ್ದೆಲ್ಲ."

"ನೀವು ಹೇಳಿದ್ರಿ. ಅವರು ತಿಳಿಸಿ ಹೇಳಿದ್ರು."

ಇಂಥವನ ಮುಂದೆ ನನ್ನ ತೋಳು ಚಾಚಿ, ನನಗೆ ರೋಗವಿದೆ, ನೀನು ನೋಡು ಎನ್ನುವುದು ನನ್ನಿಂದ ಆಗಲಿಲ್ಲ. ಅವನ ಸಲಹೆ ಮಾತ್ರ ಬೇಕಿತ್ತು. ಅದನ್ನು ತರಲು ಮಲ್ಲಣ್ಣನನ್ನು ಕಳಿಸಿದೆ.

ವ್ಯಂಕಟೇಶ ದೀರ್ಘ ರೋಗಗಳವರಿಗೆಲ್ಲ ಒಂದೊಂದು ಕಾರ್ಡು ಮಾಡುತ್ತಿದ್ದ. ಮಲ್ಲಣ್ಣನಿಗೂ ಒಂದಾಯಿತು.

"ಅಂವ ಯಾಕ ನನ್ನ ಮುಂದ ಬರಂಗಿಲ್ಲ?"

"ನಾಚಿಕಿ ಸ್ವಭಾವದಾಂವರಿ. ನನಗ ಪರಿಚಯದಾಂವ. ರಕ್ತ ನಾ ತಂದು ಕೊಡ್ತೇನಿ."

"ಹಂಗಾರ ಅಂವಗ ಹೇಳು, ಅಂಜಬ್ಯಾಡಂತ. ಆರು ತಿಂಗಳು ನೋಡೂಣು. ದೊಡ್ಡವರಾದ ಮ್ಯಾಲ ಹತ್ತಿದ್ದಿದ್ರ ಭಾಳ ಮಂದಿಗೆ ತಾನ ಹೋಗ್ತದ. ಹೋಗಲಿಲ್ಲಂದ್ರೂ ನಾಳಿಗೇ ಸಾಯ್ತಾನಂತಲ್ಲ, ಜೀವನಪೂರ್ತಿ ನೋಡಕೋತ ಇರಬೇಕು, ಅಷ್ಟ. ಸೆರೆ ಕುಡೀಬಾರದು. ಕಾಮಣಿಗಂತ ಎಲಿ ರಸ ಕುಡ್ಯೂದು, ಬರಿ ಹಾಕಿಸ್ಕೊಳ್ಳೂದು ಏನೂ ಬ್ಯಾಡ. ಅದರಿಂದನ ಅರ್ಧ ಮಂದಿ ಲಿವರ್ ಕೆಡಸ್ಕೋತಾರ."

"ಉಣ್ಣೂ ಗಂಗಾಳ, ಕುಡ್ಯೂ ವಾಟಗ ಬ್ಯಾರೆ ಇಡಬೇಕೇನ್ರಿ?"

"ಛೇ. ಕೂಡಿ ಉಂಡ್ರ ಬರೂದಲ್ಲ ಅದು. ರಕ್ತದಿಂದ ಬರ್ತದ, ಬ್ಲೇಡಿನಿಂದ, ಸೂಜಿಯಿಂದ, ಗಂಡಹೆಂಡರ ಸಂಬಂಧದಿಂದ. ತಾಯಿಯಿಂದ ಕೂಸಿಗೆ ಬರ್ತದ. ಹೇಂತಿ ರಕ್ತ ನೋಡಬೇಕು, ಮುಖ್ಯ ಅದ. ಆಕಿಗೆ ಇಲ್ಲಂದ್ರ ಲಸಿಕಿ ಹಾಕಬೇಕು, ಮೂರು ಸಲ. ಮನಿಯವರಿಗೆಲ್ಲ ಹಾಕಿದ್ರ ಚೊಲೋ."

ತಿಂಗಳು ತಿಂಗಳು ನನ್ನ ರಕ್ತ ಅವನದಾಯಿತು. ಲಿವರಿನ ಪರೀಕ್ಷೆಗಳನ್ನು ನಾನೇ ಮಾಡಿ ಫಲಿತಾಂಶವನ್ನು ಅವನ ಕಾರ್ಡಿನಲ್ಲಿ ಬರೆಯುತ್ತಿದ್ದೆ. ಎಲ್ಲ ಹದದಲ್ಲಿತ್ತು. ಮುಂಬೈಯಲ್ಲಿ ಇದಕ್ಕೆ ಹೊಸ ಇಂಜೆಕ್ಷನ್ ಬಂದಿದೆ, ಆದರೆ ಇವನ ಲಿವರ್ ಶಾಂತವಾಗಿದೆ, ಸದ್ಯ ಬೇಕಿಲ್ಲ ಎಂದ ವ್ಯಂಕಟೇಶ. ದಿನದ ಕೊನೆಗೆ, ರೋಗಿಗಳು ಹೋದ ಮೇಲೆ, ಅವನಾಗಿಯೇ ಕೇಳುತ್ತಿದ್ದ: ಮಲ್ಲಣ್ಣ ಹ್ಯಾಂಗದಾನ? ನಿದ್ದಿ ಬರ್ತದಂತೇನು? ಸೆರೆ ಬಿಟ್ಟಾನೇನು?

"ಮೊದಲಿಂದ ಕುಡ್ಯಾಂವಲ್ರಿ."

"ಅಂವಗ ಎಲ್ಲಿಂದ ಬಂದಿದ್ದೀತು? ಮನ್ಯಾಗ ಯಾರಿಗಾದ್ರೂ ಇತ್ತೇನು?"

ಏಪ್ರಿಲ್ ತಿಂಗಳಿನ ಒಂದು ಸಂಜೆ ಅದು. ನಾನು ಗಾಜುಗಳನ್ನು ತೊಳೆಯುತ್ತಿದ್ದೆ. ಅವನಿಗೆ ಬೆನ್ನು ಕೊಟ್ಟುಕೊಂಡು ಹೇಳಿದೆ. ಮಲ್ಲಣ್ಣ ಶಾಲೆಯಲ್ಲಿ ಒಂಬತ್ತನೇ ಇಯತ್ತೆಯಲ್ಲಿದ್ದಾಗ ಅವನ ತಾಯಿ ಹೊಟ್ಟೆ ಬಾತು ಸತ್ತಳಂತೆ. ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಗಡಿಗೆಯಷ್ಟಾಗಿತ್ತಂತೆ. ಮಣಿಕಟ್ಟಿಗೆ ಬರೆ ಹಾಕಿಸಿದ್ದರಂತೆ, ಆ ಗಾಯ ಕೊನೆಯವರೆಗೂ ಮಾಯಲಿಲ್ಲವಂತೆ. ಮಗ ಗಾಯಕ್ಕೆ ಎಣ್ಣೆ ಹಚ್ಚುತ್ತಿದ್ದನಂತೆ.

ಹಾಸ್ಟೆಲಿನ ಎರಡು ವರ್ಷದಲ್ಲಿ ಈ ಮಾತನ್ನು ನಾನು ಅವನಿಗೆ ಹೇಳಿರಲಿಲ್ಲ. ಅವನು ಕೇಳಿರಲೂ ಇಲ್ಲ. ನಿನ್ನ ತಾಯಿ ಎಂದು ಒಮ್ಮೆ ಮಾತು ತೆಗೆದು, ಇಲ್ಲ ಎಂದಾಗ ಸುಮ್ಮನಾಗಿದ್ದ. ಈಗ ಪೆನ್ನು ಕೆಳಗಿಟ್ಟ. ಅವನು ಮೇಜಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದು ಕಿಟಕಿಯ ಗಾಜಿನಲ್ಲಿ ಕಾಣುತ್ತಿತ್ತು.

"ಹಂಗಾರ ಆಕಿಯಿಂದನ ಬಂದಿರಬಹುದು, ಹುಟ್ಟಿದಾಗ," ಎಂದ. "ಹಂಗ ಬಂದದ್ದು ಹೋಗೂದು ಕಡಿಮಿ. ಆದ್ರ ಅಂವಗ ಹೇಳು, ಆಕಿ ತಪ್ಪಲ್ಲ, ಅಂವನ ತಪ್ಪೂ ಅಲ್ಲ. ಇದನ್ನ ಮರೀದ ಹೇಳು ಗುರಣ್ಣ."

ನಲ್ಲಿಯ ನೀರು ಹರಿಯುತ್ತಿತ್ತು. ಹೇಳ್ತೇನ್ರಿ ಎಂದೆ. ಅವನು ಪೆನ್ನೆತ್ತಿ ಅದನ್ನೆಲ್ಲ ಕಾರ್ಡಿನಲ್ಲಿ ಬರೆದುಕೊಂಡ.

ಆ ದಿನ ಮನೆಗೆ ನಡೆಯುವಾಗ ನನಗೆ ಮಲ್ಲಣ್ಣನ ಮೇಲೆ ಹೊಟ್ಟೆಕಿಚ್ಚಾಯಿತು. ಹುಚ್ಚೆನಿಸಿದರೂ ಅದು ನಿಜ. ನಾನು ಬಾಯಿ ಬಿಡದೆ ಕೂತಿದ್ದ ಇಷ್ಟು ವರ್ಷಗಳನ್ನು ಅವನು ನಾಲ್ಕು ತಿಂಗಳಲ್ಲಿ ದಾಟಿಹೋಗಿದ್ದ. ಅವನ ತಾಯಿಗಾಗಿ ವ್ಯಂಕಟೇಶ ಪೆನ್ನು ಕೆಳಗಿಟ್ಟಿದ್ದ. ಸಿಗಬೇಕಾದದ್ದೆಲ್ಲ ಅವನಿಗೆ ಸಿಗುತ್ತಿತ್ತು, ರೋಗ ಮಾತ್ರ ನನಗೆ ಉಳಿದಿತ್ತು.

ಗಂಗಾಳ ಬೇರೆ ಮಾಡಬೇಕಿಲ್ಲ ಎಂದು ಮಲ್ಲಣ್ಣನ ಕಾರ್ಡಿನಲ್ಲಿ ನಾನೇ ಬರೆದಿದ್ದೆ. ಮನೆಯಲ್ಲಿ ಮಾತ್ರ ನನ್ನ ಗಂಗಾಳ ಬೇರೆ ಮಾಡಿಕೊಂಡಿದ್ದೆ. ದಾಡಿಯ ಬ್ಲೇಡು ಟ್ರಂಕಿನಲ್ಲಿ ಬೀಗ ಹಾಕಿಡುತ್ತಿದ್ದೆ, ಹಾಸಿಗೆ ಪಡಸಾಲೆಗೆ ತಂದುಕೊಂಡಿದ್ದೆ. ಬಸುರಿ ಹೆಂಗಸು, ಆರಾಮಾಗಿ ಮಲಗಲಿ ಎಂದು ನೆಪ ಹೇಳಿದೆ. ಶಿವಕಾಂತಾ ಕೆಲವು ತಿಂಗಳು ಏನೂ ಕೇಳಲಿಲ್ಲ. ಒಂದು ಮುಂಜಾನೆ ರೊಟ್ಟಿ ಬಡಿಯುತ್ತ, ಹಂಚಿನ ಮೇಲಿಂದ ಕಣ್ಣೆತ್ತದೆ ಕೇಳಿದಳು.

"ಸರಸಂಬಾದಾಗ ಯಾರದಾಳ್ರಿ?"

"ಏನು?"

"ಜೈತುನಬಿ ಮಜ್ಜಗಿಗೆ ಬಂದಾಗ ನಕ್ಕೋತ ಹೇಳಿದ್ಲು. ನಿನ್ನ ಗಂಡ, ಡಾಕ್ಟರ್ ಇಬ್ಬರೂ ಹೊತ್ತು ಮುಳುಗೂತನ ಸರಸಂಬಾದ ಹೇಂತಿ, ಸರಸಂಬಾದ ಹೇಂತಿ ಅಂತಿರ್ತಾರ ಅಂತ."

"ಅದು ಪೇಶಂಟ್ ಒಬ್ಬನ ಹೇಂತಿ."

"ಹೌದ್ರಿ. ಯಾರದರೆ ಹೇಂತಿ ಇರಬೇಕಲ್ಲ."

ಅವಳು ರೊಟ್ಟಿಯನ್ನು ನನ್ನ ಬೇರೆ ಗಂಗಾಳಕ್ಕೆ ದೂರದಿಂದ ಹಾಕಿದಳು. ಒಂದೇ ಒಂದು ಮಾತು ಹೇಳಿದ್ದರೆ ಅವಳ ಕಿಚ್ಚು ಆರುತ್ತಿತ್ತು, ಆದರೆ ಅದರ ಜೊತೆಗೆ ನನ್ನದನ್ನೂ ಬಿಚ್ಚಬೇಕಿತ್ತು. ಒಮ್ಮೆ ಅವಳ ರಕ್ತ ತೆಗೆಯಬೇಕೆಂದು ಸಿರಿಂಜು ಮನೆಗೆ ತಂದೆ. ಏನು ಕಾರಣ ಹೇಳುವುದೆಂದು ತಿಳಿಯದೆ ಮರುದಿನ ವಾಪಸು ಒಯ್ದೆ.

ಜೂನ್ ಬಂತು. ಆರನೇ ತಿಂಗಳ ಪರೀಕ್ಷೆಯಲ್ಲೂ ಹನಿ ಒಡೆಯಿತು. ವ್ಯಂಕಟೇಶ ಮಲ್ಲಣ್ಣನ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದ. ಇನ್ನು ಇದು ಉಳಿಯುವ ರೋಗ. ಆರು ತಿಂಗಳಿಗೊಮ್ಮೆ ನೋಡಬೇಕು, ಕೊನೆಯವರೆಗೆ.

"ಹೇಂತಿ ರಕ್ತ ಇನ್ನಾ ತರಲಿಲ್ಲ ನೀ. ಆಕಿಗೆ ದಿನ ಹೋಗ್ಯಾವ ಅಂದಿದ್ದಿ, ಎಷ್ಟರಾಗದಾಳ?"

"ಏಳು ನಡದದ್ರಿ. ಬರೂ ಸ್ವಾಮಾರ ಕುಬಸ ಅದ. ಮುಗಿಸ್ಕೊಂಡು ಅಣ್ಣ ತವರಿಗೆ ಕರ್ಕೊಂಡು ಹೋಗ್ತಾನ."

ಹೇಳಿದ್ದು ಶಿವಕಾಂತಾಳ ವಿಷಯ; ಅವಳ ಸೀಮಂತದ ಆ ಕುಬಸಕ್ಕೆ ವ್ಯಂಕಟೇಶನನ್ನು ನಾನಿನ್ನೂ ಕರೆದಿರಲಿಲ್ಲ. ಅವಳ ತವರು ಅಫಜಲಪುರ ಕಡೆಯ ಘತ್ತರಗಿ. ಚೊಚ್ಚಲ ಹೆರಿಗೆ ಅಲ್ಲೇ, ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ನಮ್ಮಲ್ಲಿ ಅದು ಯಾರೂ ಪ್ರಶ್ನೆ ಮಾಡದ ಪದ್ಧತಿ.

ವ್ಯಂಕಟೇಶ ಎದ್ದು ನಿಂತ.

"ತಲಿ ಅದ ಏನು ಆ ಮಲ್ಲಣ್ಣಗ? ಆಕಿಗೂ ಇದ್ರ, ಹುಟ್ಟಿದ ದಿನಾನ ಕೂಸಿಗೆ ಲಸಿಕಿ ಬೀಳಬೇಕು. ಒಂದು ದಿನದಾಗ, ಮರುದಿನ ಅಂದ್ರ ತಡಾ ಆಗ್ತದ. ಬೀಳಲಿಲ್ಲಂದ್ರ ಅಂಥಾ ಕೂಸು ಹತ್ತರಾಗ ಒಂಬತ್ತು ಈ ರೋಗ ಹೊತ್ಕೊಂಡ ಬೆಳೀತಾವ. ಅಂವ ತನ್ನ ತಾಯಿದು ಕಂಡಾನಲ್ಲ, ಮತ್ತದ ಬೇಕೇನು? ತವರಾಗ ಫ್ರಿಜ್ ಅದ ಏನು, ಲಸಿಕಿ ಅದ ಏನು?"

ಅವನು ಫ್ರಿಜ್ಜು ತೆರೆದು ತೋರಿಸಿದ. ಒಳಗೆ ಲಸಿಕೆಯ ಒಂದು ಪುಟ್ಟ ಸೀಸೆ. ಅಂಟಿಸಿದ ಪಟ್ಟಿಯ ಮೇಲೆ ಅವನ ಅಕ್ಷರದಲ್ಲಿ: ಮಲ್ಲಣ್ಣನ ಹೆಂಡತಿ, ಸರಸಂಬಾ.

"ಸೊಲ್ಲಾಪುರದಿಂದ ತರಿಸಿಟ್ಟೀನಿ. ಐತವಾರ ನಾನ ಹೋಗ್ತೇನಿ. ಮನಿ ನಿನಗ ಗೊತ್ತದ, ನೀನೂ ಬಾ."

ಭಾನುವಾರ ಮುಂಜಾನೆ ಅವನ ಸ್ಕೂಟರಿನ ಹಿಂದೆ ಕೂತೆ. ಚಹದ ಥರ್ಮಾಸಿನಲ್ಲಿ ಬರ್ಫ ತುಂಬಿ ಸೀಸೆ ಇಟ್ಟಿದ್ದ. ಅದು ನನ್ನ ತೊಡೆಯ ಮೇಲಿತ್ತು. ಊರು ದಾಟಿದ ಮೇಲೆ ಎರಡೂ ಕಡೆ ಹರಗಿಟ್ಟ ಕರಿ ಹೊಲ. ಗಾಳಿಗೆ ಅವನ ಅಂಗಿ ಉಬ್ಬಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ರಜೆಯ ದಿನ, ಕಾಣದ ಒಬ್ಬನಿಗಾಗಿ, ಈ ಮನುಷ್ಯ ಹಾಡು ಗುನುಗುತ್ತ ಹೋಗುತ್ತಿದ್ದ. ಅವನ ಬೆನ್ನನ್ನು ನೋಡುತ್ತ, ಇವನಲ್ಲಿ ಒಂದಾದರೂ ಕೊರತೆ ಇರಬಾರದೇ ಎಂದುಕೊಂಡೆ. ಸರಸಂಬಾ ಬಂದರೆ ಯಾವುದಾದರೂ ಮುಚ್ಚಿದ ಬಾಗಿಲು ತೋರಿಸಿ, ಊರಿಗೆ ಹೋಗ್ಯಾರಂತ ಎಂದು ಹೇಳಿಬಿಡಬಹುದು. ಅವನು ನಂಬುತ್ತಾನೆ. ನಾಳೆ ಕುಬಸ, ನಾಡಿದ್ದು ಶಿವಕಾಂತಾ ಘತ್ತರಗಿಯಲ್ಲಿ. ಥರ್ಮಾಸಿನ ತಂಪು ಪ್ಯಾಂಟಿನೊಳಗೆ ಇಳಿಯುತ್ತಿತ್ತು. ಅದರೊಳಗಿನ ಸೀಸೆ ನನ್ನ ಮಗುವಿನ ತಾಯಿಯದು, ಅದನ್ನು ಹೊತ್ತು ನಾನು ಅವಳಿಂದ ದೂರ ಹೋಗುತ್ತಿದ್ದೆ.

"ನಿಂದ್ರಸು."

"ಯಾಕ, ಥರ್ಮಾಸ್ ಬಿತ್ತೇನು?"

"ಗಾಡಿ ನಿಂದ್ರಸಲೇ ವ್ಯಂಕ್ಯಾ."

ಅವನು ನಿಲ್ಲಿಸಿದ. ನಾನು ಇಳಿದೆ.

"ಮಲ್ಲಣ್ಣ ಅಂತ ಯಾರೂ ಇಲ್ಲ. ಆ ರಕ್ತ ನಂದು. ಬಸರಿ ಶಿವಕಾಂತಾ."

ಅವನು ಇಂಜಿನ್ ಆರಿಸಿದ. ದೂರದಲ್ಲಿ ಯಾರೋ ಎತ್ತುಗಳಿಗೆ ಕೂಗುತ್ತಿದ್ದರು. ಅವನ ಕರುಣೆಗೆ ನಾನು ಸಿದ್ಧನಾಗಿದ್ದೆ. ಹೆಗಲ ಮೇಲೆ ಕೈಯಿಡುತ್ತಾನೆ, ಅದನ್ನು ಸಹಿಸಬೇಕು ಎಂದು ಹಲ್ಲು ಕಚ್ಚಿದ್ದೆ. ಅವನು ಕೈಯಿಡಲಿಲ್ಲ.

"ಆರು ತಿಂಗಳು," ಎಂದ. "ಇಲ್ಲದಾಂವನ ಸಲುವಾಗಿ ನಾ ನಿದ್ದಿ ಕೆಡಸ್ಕೊಂಡೀನಿ. ನಿನ್ನ ಹೇಂತಿ ತಿಂಗಳಿಗೊಮ್ಮಿ ನನ್ನ ಮುಂದ ಬಂದು ಕುಂತು ಎದ್ದು ಹೋಗ್ಯಾಳ. ನೀ ಅಲ್ಲೇ ನಿಂತಿದ್ದಿ. ಕತ್ತೆ ಇದ್ದಂಗ ಇದ್ದೀಯಲ್ಲಲೇ. ಯಾಕ ಹೇಳಲಿಲ್ಲ?"

"ನಿನಗ ಹೇಳಾಕ ಆಗಲಿಲ್ಲ."

"ನನಗ ಅಂದ್ರ?"

"ನಿನಗ."

ಅವನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿಯುತ್ತಿದ್ದಂತೆ ಮುಖ ಕೆಂಪಾಯಿತು. ಇಷ್ಟು ವರ್ಷಗಳಲ್ಲಿ ಅದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

"ನನಗ ಹೇಳಬ್ಯಾಡ ಹೋಗು. ಗುಲಬರ್ಗಾದಾಗ ಬ್ಯಾರೆ ಡಾಕ್ಟರ್ ಇದ್ದಿದ್ದಿಲ್ಲೇನು? ಆಕಿನ್ನ ಅಲ್ಲಿಗೆ ಒಯ್ದಿದ್ರ ನಿಂದೇನು ಹೋಗ್ತಿತ್ತು?"

ಬೇರೆ ಡಾಕ್ಟರ ಬಳಿ ಹೋಗಬಹುದೆಂದು ನನಗೆ ಗೊತ್ತಿತ್ತು. ಆದರೆ ನನಗೆ ಬೇಕಾದದ್ದು ಇವನೇ ಕೇಳುವ, ಹ್ಯಾಂಗದಾನ ಎಂಬ ಮಾತು.

ಅವನು ಸ್ಕೂಟರ್ ತಿರುಗಿಸಿದ. ದಾರಿಯುದ್ದಕ್ಕೂ ಮತ್ತೆ ಹಾಡಲಿಲ್ಲ.

ಶಿವಕಾಂತಾಳನ್ನು ದವಾಖಾನೆಗೆ ಕರೆತಂದೆ. ಹೇಳುವುದು ನನ್ನ ಕೆಲಸ ಎಂದು ವ್ಯಂಕಟೇಶ ಬಾಗಿಲಲ್ಲೇ ನಿಂತ. ಹೇಳಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಸರಸಂಬಾದಾಗ ಯಾರೂ ಇಲ್ಲ?"

"ಯಾರೂ ಇಲ್ಲ."

"ಅದಕ್ಕ ಗಂಗಾಳ ಬ್ಯಾರೆ ಮಾಡ್ಕೊಂಡ್ರಿ?"

"ಹೌದು."

"ಶ್ಯಾಣ್ಯಾರು ನೀವು," ಎಂದಳು. ಅವಳ ಕಣ್ಣು ತುಂಬಿತ್ತು. ತೋಳು ಚಾಚಿದ್ದು ವ್ಯಂಕಟೇಶನ ಕಡೆಗೆ. "ನೀವ ತಗೀರಿ ಡಾಕ್ಟರ್ರಿ."

ಅವನ ಬೆರಳುಗಳು ಅವಳ ಮೊಣಕೈಯ ಒಳಗೆ ನರ ಹುಡುಕುವಾಗ ನಾನು ಗೋಡೆಯ ಕಡೆ ನೋಡಿದೆ.

"ಆತ್ರಿ ವೈನಿ," ಎಂದ ಅವನು. ರಕ್ತದ ಟ್ಯೂಬನ್ನು ನನ್ನ ಕೈಗೆ ಕೊಟ್ಟ. "ನೋಡು. ಗುಲಬರ್ಗಾಕ್ಕೂ ಸ್ವಲ್ಪ ಕಳಸೂಣು, ಪಕ್ಕಾ ಆಗಲಿ."

ಎರಡು ಗಾಜು ತೆಗೆದಿಟ್ಟೆ. ಒಂದರ ಮೇಲೆ ಶಿವಕಾಂತಾಳದು. ಎರಡನೆಯದಕ್ಕೆ ಅಭ್ಯಾಸಬಲದಿಂದ ನನ್ನ ತೋಳಿನ ಅಂಗಿ ಸರಿಸತೊಡಗಿದೆ. ಅರ್ಧಕ್ಕೆ ನಿಲ್ಲಿಸಿದೆ. ಆ ಗಾಜು ಇನ್ನು ನನ್ನದಲ್ಲ.

ವ್ಯಂಕಟೇಶ ಅದನ್ನು ಕಂಡ. ಸ್ಟೂಲ್ ಎಳೆದು ಕೂತು ತನ್ನ ತೋಳು ನನ್ನ ಮುಂದೆ ಇಟ್ಟ. ಇಷ್ಟು ವರ್ಷ ನನ್ನ ಮುಂದೆ ಬರದಿದ್ದ ತೋಳು. ಸೂಜಿ ಹೋದಾಗ ಅವನು ಎಲ್ಲರಂತೆಯೇ ಮುಖ ಕಿವಿಚಿದ.

ರಕ್ತ ತಿಳಿಯಾಗುವವರೆಗೆ ಕಾದೆವು. ನಂತರ ಎರಡೂ ಗಾಜುಗಳನ್ನು ಒಟ್ಟಿಗೆ ಹಿಡಿದು ಅಲುಗಾಡಿಸಿದೆ. ಶಿವಕಾಂತಾಳದು ಒಡೆಯದಿರಲಿ ಎಂದು ಮನಸ್ಸಿನಲ್ಲಿ ಇದ್ದಬದ್ದದ್ದನ್ನೆಲ್ಲ ಬೇಡಿಕೊಂಡೆ. ಅದೇ ಉಸಿರಿನಲ್ಲಿ, ಮುಚ್ಚಿಟ್ಟು ಪ್ರಯೋಜನವಿಲ್ಲ, ಇನ್ನೊಂದು ಒಡೆಯಲಿ ಎಂದೂ ಬಯಸಿದೆ. ಅವನೂ ಒಮ್ಮೆ ಕಾರ್ಡಿನ ಈ ಕಡೆಗೆ ಬರಲಿ.

ಎರಡೂ ಹಾಲಿನಂತೆ ನುಣ್ಣಗೆ ಉಳಿದವು. ಕಾದೆ. ಉಳಿದೇ ಉಳಿದವು.

"ಏನಾತಲೇ?"

"ಎರಡರಾಗೂ ಇಲ್ಲ," ಎಂದೆ. ನನ್ನ ದನಿಯಲ್ಲಿ ಯಾವುದು ಎಷ್ಟು ಕೇಳಿಸಿತೋ ಗೊತ್ತಿಲ್ಲ. ಅವನು ನನ್ನನ್ನು ಒಂದು ಕ್ಷಣ ಹೆಚ್ಚೇ ನೋಡಿದ.

"ಕುಬಸ ಆಗಲಿ. ಬಾಣಂತನ ಇಲ್ಲೇ," ಎಂದ ಅವನು. "ಆಕಿಗಿಲ್ಲಂದ್ರೂ ಕೂಸು ನಿನ್ನ ಮನ್ಯಾಗ ಬೆಳ್ಯೂದು. ಹುಟ್ಟಿದ ದಿನಾನ ಹಾಕೂಣು. ಇವರ ಅಣ್ಣಗ ನಾ ಹೇಳಂಗಿಲ್ಲ, ನೀ ಹೇಳಬೇಕು."

"ಹೇಳ್ತೇನಿ."

ಮಲ್ಲಣ್ಣನ ಕಾರ್ಡು ತೆಗೆದು, ಮೇಲಿನ ಹೆಸರು ಹೊಡೆದುಹಾಕಿ ನನ್ನದು ಬರೆದ. ಉಳಿದದ್ದನ್ನೆಲ್ಲ ಹಾಗೆಯೇ ಬಿಟ್ಟ: ತಾಯಿ, ಬರೆ, ಎಣ್ಣೆ. ಆಮೇಲೆ ಥರ್ಮಾಸಿನಿಂದ ಸೀಸೆ ತೆಗೆದು ಸಿರಿಂಜಿಗೆ ಎಳೆದ.

ಅವನು ಹತ್ತಿರ ಬಂದಾಗ ಶಿವಕಾಂತಾ ಸೂಜಿ ನೋಡಲಾರದೆ ಮುಖ ತಿರುಗಿಸಿದಳು. ತಿರುಗಿಸಿದ್ದು ನನ್ನ ಕಡೆಗೆ.